ಸ್ವಾಹಿಲಿಯಲ್ಲಿ ‘ಕುವಾ’ ಅಂದರೆ ಬೆಳೆಯುವುದು, ಕಿಕುಯುವಿನಲ್ಲಿ ಸಾಯುವುದು: ಬಂಟು ಭಾಷೆಗಳ ನೆಂಟಸ್ತಿಕೆ ತಿಳಿಯುವುದು ಹೇಗೆ?

ಪ್ರಶ್ನೆ: ಪೂರ್ವ ಆಫ್ರಿಕಾದ ಸ್ವಾಹಿಲಿ ಮಾತಾಡುವವರಿಗೆ ದಕ್ಷಿಣ ಆಫ್ರಿಕಾದ ಜುಲು ಅರ್ಥವಾಗುವುದಿಲ್ಲ. ಊರುಗಳ ನಡುವೆ ಸಾವಿರಾರು ಕಿಲೋಮೀಟರ್ ದೂರ. ಆದರೂ ಎರಡನ್ನೂ ಬಂಟು ಭಾಷೆಗಳು ಅಂತಾರೆ. ನಾಲ್ಕು ಪದ ಒಂದೇ ಥರ ಕೇಳಿಸಿದರೆ ಸಾಕಾ?

ಉತ್ತರ: ಸಾಲದು. ಈ ಹೆಸರನ್ನೇ ನೋಡಿ. ‘ಬಂಟು’ವಿಗೂ ನಮ್ಮ ಕರಾವಳಿಯ ಬಂಟರಿಗೂ ಯಾವ ಸಂಬಂಧವೂ ಇಲ್ಲ. ಸುಮ್ನೆ ಒಂದೇ ಥರ ಕೇಳಿಸುತ್ತದೆ, ಅಷ್ಟೇ. ಹೆಸರು ಬಂದಿದ್ದು ‘ಮನುಷ್ಯ’ ಎಂಬ ಪದದಿಂದ. ಜುಲುವಿನಲ್ಲಿ ಒಬ್ಬನಾದರೆ ‘ಉಮುಂತು’, ಹಲವರಾದರೆ ‘ಅಬಂತು’. ಜರ್ಮನಿಯ ಭಾಷಾತಜ್ಞ ವಿಲ್ಹೆಲ್ಮ್ ಬ್ಲೀಕ್ 1862ರಲ್ಲಿ ಪ್ರಕಟಿಸಿದ ವ್ಯಾಕರಣದಲ್ಲಿ ಇಡೀ ಕುಟುಂಬಕ್ಕೆ ಈ ಹೆಸರನ್ನು ಬಳಸಿದ.

ಅದೇ ‘ಮನುಷ್ಯ’ ಸ್ವಾಹಿಲಿಯಲ್ಲಿ ‘ಮ್‌ತು’, ಲುಗಾಂಡಾದಲ್ಲಿ ‘ಒಮುಂತು’, ಕಿಕುಯುವಿನಲ್ಲಿ ‘ಮೊಂದೊ’, ಶೋನಾದಲ್ಲಿ ‘ಮುನ್ಹು’, ತ್ಸ್ವಾನಾದಲ್ಲಿ ‘ಮೊಥೊ’. ಇವು ಹತ್ತಿರದ ಪದಗಳು ಅಂತ ಕಿವಿಗೇ ಗೊತ್ತಾಗುತ್ತದೆ. ಆದರೆ ಭಾಷಾತಜ್ಞರು ಕಿವಿಯನ್ನು ನಂಬುವುದಿಲ್ಲ. ಒಂದು ಭಾಷೆಯ ಒಂದು ಅಕ್ಷರದ ಜಾಗದಲ್ಲಿ ಇನ್ನೊಂದು ಭಾಷೆ ಪ್ರತಿ ಸಲವೂ ಅದೇ ಬೇರೆ ಅಕ್ಷರವನ್ನು ಇಡುತ್ತದಾ ಅಂತ ನೋಡುತ್ತಾರೆ.

‘ಕೊಡು’ ಎಂಬ ಧಾತು ಶೋನಾದಲ್ಲಿ ‘ಪ’, ರುವಾಂಡಾದ ಕಿನ್ಯಾರ್ವಾಂಡಾದಲ್ಲಿ ‘ಹ’, ಲುಗಾಂಡಾದಲ್ಲಿ ‘ವ’. ಈಗ ‘ಇಲ್ಲಿ’ ಎಂಬ ಪದ ತೆಗೆದುಕೊಳ್ಳಿ. ಅದೇ ಸಾಲಿನಲ್ಲಿ ‘ಪನೊ’, ‘ಹನೊ’, ‘ವನೊ’. ಪ ಇದ್ದ ಕಡೆ ಹ, ಹ ಇದ್ದ ಕಡೆ ವ. ಹೀಗೆ ಪದದಿಂದ ಪದಕ್ಕೆ ಕ್ರಮ ತಪ್ಪದಿದ್ದರೆ ಅದು ಆಕಸ್ಮಿಕ ಅಲ್ಲ. ಪಕಾರ ಹಕಾರ ಆಗುವುದು ನಮಗೂ ಹೊಸದಲ್ಲ ಅಲ್ವಾ? ಹಳಗನ್ನಡದ ‘ಪಾಲ್’ ‘ಹಾಲು’ ಆಯಿತು, ‘ಪುಲಿ’ ‘ಹುಲಿ’ ಆಯಿತು.

ಆದರೆ ನನಗೆ ತುಂಬಾ ಇಷ್ಟವಾದ ಉದಾಹರಣೆ ಬೇರೆ ಇದೆ. ಸ್ವಾಹಿಲಿಯಲ್ಲಿ ‘ಕುವಾ’ ಅಂದರೆ ಬೆಳೆ (ಫಸಲಲ್ಲ, ದೊಡ್ಡದಾಗು). ಕಿಕುಯುವಿನಲ್ಲಿ ‘ಕುವಾ’ ಅಂದರೆ ಸಾಯಿ. ಎರಡೂ ಕೀನ್ಯಾದಲ್ಲಿ ಕೇಳಿಬರುವ ಬಂಟು ಭಾಷೆಗಳೇ. ಕಿವಿಯನ್ನು ನಂಬಿದರೆ ಇವೆರಡು ಒಂದೇ ಪದ. ನಿಜವಾಗಿ ಎರಡಕ್ಕೂ ಸಂಬಂಧವಿಲ್ಲ. ಕಿಕುಯುವಿನ ‘ಕುವಾ’ಕ್ಕೆ ಸ್ವಾಹಿಲಿಯಲ್ಲಿ ನೆಂಟ ಪದ ‘ಫ’. ‘ಕುಫ’ ಅಂದರೆ ಸಾಯುವುದು. ಸ್ವಾಹಿಲಿಯ ‘ಕುವಾ’ಕ್ಕೆ ಕಿಕುಯುವಿನಲ್ಲಿ ನೆಂಟ ಪದ ‘ಕೊರ’, ಅಂದರೆ ಬೆಳೆ.

ಹೀಗೇಕೆ? ಈ ಎಲ್ಲ ಭಾಷೆಗಳೂ ಹುಟ್ಟಿದ ಮೂಲ ಬಂಟು ಭಾಷೆಯಲ್ಲಿ ಏಳು ಸ್ವರಗಳಿದ್ದವು. ಅದರಲ್ಲಿ ಎರಡು ಥರದ ಉಕಾರ. ಒಂದು ಬಿಗಿ, ಇನ್ನೊಂದು ಸ್ವಲ್ಪ ಸಡಿಲ, ಒಕಾರದ ಕಡೆಗೆ ವಾಲಿದ್ದು. ‘ಸಾಯಿ’ ಪದದಲ್ಲಿ ಇದ್ದದ್ದು ಬಿಗಿ ಉಕಾರ, ‘ಬೆಳೆ’ಯಲ್ಲಿ ಸಡಿಲ ಉಕಾರ. ಸ್ವಾಹಿಲಿಯಲ್ಲಿ ಬಿಗಿ ಉಕಾರಕ್ಕೆ ಮೊದಲು ಬರುವ ಕಕಾರ ಉಜ್ಜಿ ಉಜ್ಜಿ ಫಕಾರ ಆಯಿತು. ಆಮೇಲೆ ಎರಡು ಉಕಾರಗಳೂ ಬೆರೆತುಹೋದವು. ಇಕಾರದ್ದೂ ಇದೇ ಕಥೆ. ಹಾಗಾಗಿ ಸ್ವಾಹಿಲಿಗೆ ಈಗ ಐದೇ ಸ್ವರ. ಕಿಕುಯು ಏಳನ್ನೂ ಉಳಿಸಿಕೊಂಡಿತು, ಕಕಾರವನ್ನೂ ಬಿಡಲಿಲ್ಲ. ಸ್ವಾಹಿಲಿಯಲ್ಲಿ ಅಳಿಸಿಹೋದ ಸ್ವರದ ಗುರುತು ಪಕ್ಕದ ವ್ಯಂಜನದಲ್ಲಿ ಉಳಿದಿದೆ ನೋಡಿ!

ಈ ಗುರುತು ದಿನಬಳಕೆಯ ಸ್ವಾಹಿಲಿಯಲ್ಲೂ ಕಾಣುತ್ತದೆ. ‘ಪಿಕ’ ಅಂದರೆ ಅಡುಗೆ ಮಾಡು, ‘ಮ್‌ಪಿಶಿ’ ಅಡುಗೆಯವ. ‘ಇಬ’ ಅಂದರೆ ಕದಿ, ‘ಮ್ವಿಝಿ’ ಕಳ್ಳ. ‘ಪೆಂದ’ ಅಂದರೆ ಪ್ರೀತಿಸು, ‘ಮ್‌ಪೆಂಝಿ’ ಪ್ರಿಯ. ಕೊನೆಯಲ್ಲಿ ಸೇರುವ ಆ ‘ಇ’ ಒಂದು ಕಾಲದಲ್ಲಿ ಬಿಗಿ ಇಕಾರ ಆಗಿತ್ತು. ಈ ಪದಗಳಲ್ಲಿ ಅದು ತಾಗಿದ ವ್ಯಂಜನ ಬದಲಾಯಿತು.

ಇಂಥ ನಿಯಮಗಳನ್ನು 1899ರಲ್ಲಿ ಜರ್ಮನ್ ಭಾಷಾತಜ್ಞ ಕಾರ್ಲ್ ಮೈನ್‌ಹೋಫ್ ಒಟ್ಟುಗೂಡಿಸಿ, ಮೂಲ ಬಂಟುವಿನ ಧ್ವನಿಗಳನ್ನು ಮತ್ತೆ ಕಟ್ಟಿ ತೋರಿಸಿದ. ನೆಂಟಸ್ತಿಕೆಯ ಪ್ರಶ್ನೆಗೆ ಗಟ್ಟಿ ಉತ್ತರ ಸಿಕ್ಕಿದ್ದು ಹೀಗೆ.

ಹಾಗಾದರೆ ಯಾವ ಭಾಷೆ ಯಾವುದಕ್ಕೆ ಜಾಸ್ತಿ ಹತ್ತಿರ? ಕಷ್ಟ ಶುರುವಾಗುವುದು ಇಲ್ಲೇ. ಬ್ರಿಟನ್ನಿನ ಭಾಷಾತಜ್ಞ ಮಾಲ್ಕಮ್ ಗತ್ರಿ 1948ರಲ್ಲಿ ಬಂಟು ನಾಡನ್ನು ವಲಯಗಳಾಗಿ ಹಂಚಿ ಇಂಗ್ಲಿಷ್ ಅಕ್ಷರ ಕೊಟ್ಟ. ಸ್ವಾಹಿಲಿ ಜಿ 42, ಜುಲು ಎಸ್ 42, ಕಿಕುಯು ಇ 51. ಇವತ್ತಿಗೂ ಎಲ್ಲರೂ ಬಳಸುವ ಸಂಖ್ಯೆಗಳಿವು. ಆದರೆ ಇವು ಹೆಚ್ಚಾಗಿ ನಕ್ಷೆಯ ಮೇಲಿನ ವಿಳಾಸಗಳು. ಇದನ್ನು ವಂಶವೃಕ್ಷ ಅಂದುಕೊಂಡು ತಪ್ಪುವವರು ಬಹಳ.

ಧ್ವನಿ ಬದಲಾವಣೆ ನೋಡಿಯೇ ಕೊಂಬೆ ಬಿಡಿಸಬಹುದಲ್ಲ ಅಂತ ನೀವು ಕೇಳಬಹುದು. ಅದು ಅಷ್ಟು ಸುಲಭವಲ್ಲ. ಕಿನ್ಯಾರ್ವಾಂಡಾದವರು ತಮ್ಮ ಭಾಷೆಯನ್ನು ‘ಇಕಿನ್ಯಾರ್ವಾಂಡಾ’ ಅಂತಾರೆ, ಫ್ರೆಂಚನ್ನು ‘ಇಗಿಫರಾನ್ಸ’ ಅಂತಾರೆ. ಮುಂದೆ ಫ, ಸ, ತ, ಕ ಥರದ ಧ್ವನಿ ಬಂದರೆ ‘ಕಿ’ ‘ಗಿ’ ಆಗುತ್ತದೆ. ಇದಕ್ಕೆ ಡಾಲ್ ನಿಯಮ ಅಂತ ಹೆಸರು. ಇದು ದೂರದ ಕಿಕುಯುವಿನಲ್ಲಿದೆ, ಆದರೆ ಕಿನ್ಯಾರ್ವಾಂಡಾಕ್ಕೆ ಹತ್ತಿರದ ಲುಗಾಂಡಾದಲ್ಲಿ ಜೀವಂತ ನಿಯಮವಾಗಿ ಇಲ್ಲ. ಅಕ್ಕಪಕ್ಕದವರ ಬಾಯಿಂದ ಬಾಯಿಗೂ ಬದಲಾವಣೆ ದಾಟುತ್ತದೆ. ಎರಡು ಕಡೆ ಬೇರೆ ಬೇರೆಯಾಗಿಯೂ ಹುಟ್ಟುತ್ತದೆ. ಪಕಾರ ಹಕಾರ ಆಗಿದ್ದು ಕನ್ನಡದಲ್ಲೂ ಹೌದು, ಕಿನ್ಯಾರ್ವಾಂಡಾದಲ್ಲೂ ಹೌದು. ಅಷ್ಟಕ್ಕೇ ನಾವು ನೆಂಟರಾಗುವುದಿಲ್ಲ.

ಅದಕ್ಕೇ ಈಗ ಮೊದಲು ಧ್ವನಿ ನಿಯಮದಿಂದ ನೆಂಟ ಪದಗಳನ್ನು ಖಚಿತ ಮಾಡಿಕೊಳ್ಳುತ್ತಾರೆ. ಆಮೇಲೆ ಯಾವ ಭಾಷೆಗಳು ಎಷ್ಟು ಪದ ಹಂಚಿಕೊಂಡಿವೆ ಅಂತ ಎಣಿಸುತ್ತಾರೆ. 2015ರ ಒಂದು ಅಧ್ಯಯನ 424 ಭಾಷೆಗಳನ್ನು ಹೀಗೆ ಕಂಪ್ಯೂಟರಿನಲ್ಲಿ ಹೋಲಿಸಿತು. ಹಳೆಯ ಕವಲುಗಳು ಕಾಣುವುದು ವಾಯವ್ಯದಲ್ಲಿ, ಕ್ಯಾಮರೂನಿನ ಕಡೆ. ನೈಜೀರಿಯಾ–ಕ್ಯಾಮರೂನ್ ಗಡಿಯೇ ಬಂಟುವಿನ ತವರು ಎಂಬ ಅಮೆರಿಕದ ಭಾಷಾತಜ್ಞ ಜೋಸೆಫ್ ಗ್ರೀನ್‌ಬರ್ಗ್ ಮಾತಿಗೆ ಇದು ಹೊಂದುತ್ತದೆ. ಅಲ್ಲಿನ ಬೆಟ್ಟದ ಹುಲ್ಲುಗಾವಲಿನ ಭಾಷೆಗಳು ಬಂಟುವಿಗೆ ಎಷ್ಟು ಹತ್ತಿರ ಅಂದರೆ, ಬಂಟುವಿನ ಗೆರೆಯನ್ನು ಅವುಗಳ ಆಚೆ ಎಳೆಯಬೇಕೋ ಈಚೆ ಎಳೆಯಬೇಕೋ ಅಂತ ವಾದ ಇನ್ನೂ ನಡೆಯುತ್ತಿದೆ.