ಓದುಗರ ಪ್ರಶ್ನೆ: ಫುಟ್‌ಬಾಲ್ ಮ್ಯಾಚ್‌ನ ಹಾಡು, ಕೂಗು ಎಲ್ಲಿಂದ ಬಂದವು?

ಈ ಸಲ ಪ್ರಶ್ನೆ ಬಂದಿರುವುದು ಬಳ್ಳಾರಿಯ ಕೌಲ್‌ಬಜಾರ್‌ನಿಂದ. "ಸರ್, ಫುಟ್‌ಬಾಲ್ ನೋಡಲು ಬಂದವರು ಹಾಡುವ ಹಾಡುಗಳನ್ನು ಯಾರು ಬರೆದುಕೊಡುತ್ತಾರೆ? ಆ ವೈಕಿಂಗ್ ಚಪ್ಪಾಳೆ ಸಾವಿರ ವರ್ಷದ ಹಿಂದಿನದಂತೆ, ನಿಜವೇ?" (ವೈಕಿಂಗರು ಅಂದರೆ ಸಾವಿರ ವರ್ಷದ ಹಿಂದೆ ಉತ್ತರ ಯುರೋಪಿನಿಂದ ಹಡಗಿನಲ್ಲಿ ಹೋಗಿ ದಾಳಿ ಮಾಡುತ್ತಿದ್ದವರು, ಐಸ್‌ಲ್ಯಾಂಡ್‌ನವರ ಪೂರ್ವಜರು. ಐಸ್‌ಲ್ಯಾಂಡ್ ಫುಟ್‌ಬಾಲ್ ತಂಡ, ಅಭಿಮಾನಿಗಳು ಕೈ ಮೇಲೆತ್ತಿ ಹೊಡೆಯುವ ಚಪ್ಪಾಳೆಗೆ ಅವರ ಹೆಸರು.) ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕಿಲ್ಲ. ಇದೇ ಪ್ರಶ್ನೆ ಸಂಡೂರಿನಿಂದ, ಸಿರುಗುಪ್ಪದಿಂದ, ಗಂಗಾವತಿಯಿಂದ ಬಂದಾಗಿದೆ. ವರ್ಲ್ಡ್ ಕಪ್ ಹತ್ತಿರ ಬಂದರೆ ಸಾಕು, ಮತ್ತೆ ಬರುತ್ತದೆ. ಹಾಗಾಗಿ ಒಮ್ಮೆ ಪೂರ್ತಿ ಬರೆದು ಮುಗಿಸುತ್ತೇನೆ. ಮುಂದಿನ ಸಲ ಯಾರಾದರೂ ಕೇಳಿದರೆ ಇದನ್ನೇ ತೋರಿಸಿ.

ಮೊದಲ ಪ್ರಶ್ನೆಗೆ ಉತ್ತರ ಸಣ್ಣದು. ಸಾಮಾನ್ಯವಾಗಿ ಯಾರೂ ಬರೆದುಕೊಡುವುದಿಲ್ಲ. ಜನಕ್ಕೆ ಮೊದಲೇ ಬಾಯಿಪಾಠ ಇರುವ ಒಂದು ಧಾಟಿಯನ್ನು ಎತ್ತಿಕೊಂಡು ಅದಕ್ಕೆ ತಂಡದ ಹೆಸರು ಸೇರಿಸುತ್ತಾರೆ, ಅಷ್ಟೇ. ಮೂಲ ಎಲ್ಲಿಯದಾದರೂ ಆಗಬಹುದು. ಇಂಗ್ಲೆಂಡಿನ ಪೋರ್ಟ್ಸ್‌ಮೌತ್‌ನಲ್ಲಿ ಊರಿನ ಗಿಲ್ಡ್‌ಹಾಲ್ (ಟೌನ್‌ಹಾಲ್) ಗಡಿಯಾರ ಹೊಡೆಯುವ ಗಂಟೆಯ ಸ್ವರವನ್ನೇ ಕೂಗು ಮಾಡಿಕೊಂಡರು. ನ್ಯೂಕ್ಯಾಸಲ್‌ನವರು ಹಾಡುವುದು 1862ರ ಒಂದು ಲೋಕಲ್ ಹಾಡು, ಕುದುರೆ ರೇಸಿಗೆ ಹೊರಟವರ ಕಥೆ. ಅದರಲ್ಲಿ ಫುಟ್‌ಬಾಲ್ ಸುದ್ದಿಯೇ ಇಲ್ಲ. ನಾರ್ವಿಚ್‌ನವರ ಹಾಡಿಗಂತೂ ಅವರ ಕ್ಲಬ್‌ಗಿಂತ ವಯಸ್ಸು ಜಾಸ್ತಿ. ಕ್ಲಬ್ ಹುಟ್ಟಿದ್ದು 1902ರಲ್ಲಿ, ಹಾಡು 1890ರ ದಶಕದ್ದು.

ಲಿವರ್‌ಪೂಲ್‌ನವರ 'ಯೂ ವಿಲ್ ನೆವರ್ ವಾಕ್ ಅಲೋನ್' ಎಲ್ಲರಿಗೂ ಗೊತ್ತು. ಅದು 1945ರ ಒಂದು ಅಮೆರಿಕನ್ ಸಂಗೀತ ನಾಟಕದ್ದು. ನಾಟಕದಲ್ಲಿ ಗಂಡನನ್ನು ಕಳೆದುಕೊಂಡವಳಿಗೆ ಸಮಾಧಾನ ಹೇಳಲು ಅದನ್ನು ಹಾಡುತ್ತಾರೆ. 1963ರಲ್ಲಿ ಲಿವರ್‌ಪೂಲ್‌ನದೇ ಒಂದು ಬ್ಯಾಂಡ್ ಅದನ್ನು ಮತ್ತೆ ಹಾಡಿ ರೆಕಾರ್ಡ್ ಮಾಡಿತು, ಅದು ನಂಬರ್ ಒನ್ ಆಯಿತು. ಆಗ ಲಿವರ್‌ಪೂಲ್ ತಂಡದ ಮೈದಾನ ಆನ್‌ಫೀಲ್ಡ್‌ನಲ್ಲಿ ಮ್ಯಾಚಿಗೆ ಮುಂಚೆ ಆ ವಾರದ ಹಿಟ್ ಹಾಡುಗಳನ್ನು ಹಾಕುತ್ತಿದ್ದರು, ಜನ ಜೊತೆಗೆ ಹಾಡುತ್ತಿದ್ದರು. ಹಿಟ್ ಪಟ್ಟಿಯಿಂದ ಹಾಡು ಇಳಿದು ಹೋಯಿತು, ಜನ ಮಾತ್ರ ಬಿಡಲಿಲ್ಲ ಎಂದು ಅಲ್ಲಿಯವರು ಹೇಳುತ್ತಾರೆ.

ನನಗೆ ಇಷ್ಟವಾದದ್ದು ಬೆಲ್ಜಿಯಂನ ಕಥೆ. 2003ರ ಅಕ್ಟೋಬರ್‌ನಲ್ಲಿ ಕ್ಲಬ್ ಬ್ರೂಗ್ ಅಭಿಮಾನಿಗಳು ಚಾಂಪಿಯನ್ಸ್ ಲೀಗ್ ಮ್ಯಾಚಿಗೆ ಮಿಲಾನ್‌ಗೆ ಹೋಗಿದ್ದರು. ಮ್ಯಾಚಿಗೆ ಮುಂಚೆ ಕೂತ ಬಾರ್‌ನಲ್ಲಿ 'ಸೆವೆನ್ ನೇಷನ್ ಆರ್ಮಿ' ಹಾಡು ಕೇಳಿಸಿತು. ಅದರ ಸಾಹಿತ್ಯ ಯಾರಿಗೆ ಬೇಕು? ಅದರ ಶುರುವಿನಲ್ಲೇ ಬರುವ ಏಳೇ ಸ್ವರದ ತುಣುಕನ್ನು "ಓ... ಓ ಓ ಓ ಓ..." ಎಂದು ಶುರು ಮಾಡಿದರು. ಅವತ್ತು ಬ್ರೂಗ್ ಎಸಿ ಮಿಲಾನ್ ತಂಡವನ್ನು ಅದರ ಮನೆಯಲ್ಲೇ 1-0ರಿಂದ ಸೋಲಿಸಿತು. ಗೆದ್ದ ದಿನದ ಹಾಡನ್ನು ಯಾರಾದರೂ ಬಿಡುತ್ತಾರಾ? ಊರಿಗೆ ತಂದರು. 2006ರಲ್ಲಿ ರೋಮಾ ತಂಡ ಬ್ರೂಗ್‌ಗೆ ಆಡಲು ಬಂದಾಗ ಇಟಲಿಯವರು ಅದನ್ನು ಕೇಳಿ ಎತ್ತಿಕೊಂಡು ಹೋದರು. ಅದೇ ವರ್ಷ ಇಟಲಿ ವರ್ಲ್ಡ್ ಕಪ್ ಗೆದ್ದಾಗ ಇಡೀ ದೇಶ ಅದನ್ನೇ ಹಾಡಿತು. ಒಬ್ಬರ ಬಾಯಿಂದ ಇನ್ನೊಬ್ಬರ ಬಾಯಿಗೆ, ಸೋತವರ ಊರಿಂದ ಗೆದ್ದವರ ಊರಿಗೆ. ಕೂಗುಗಳು ಹೆಚ್ಚಾಗಿ ಓಡಾಡುವುದು ಹೀಗೆ.

ಈಗ ಆ ವೈಕಿಂಗ್ ಚಪ್ಪಾಳೆಗೆ ಬರೋಣ. ಇದೊಂದು ವಿಷಯಕ್ಕೆ ನಾನು ಎಷ್ಟು ಉತ್ತರ ಕೊಟ್ಟರೂ ಮತ್ತೆ ಮತ್ತೆ ತಲೆ ಎತ್ತುತ್ತದೆ. ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡುತ್ತಿದೆ. ಕೊಂಬಿನ ಶಿರಸ್ತ್ರಾಣ ಹಾಕಿದ ಗಡ್ಡದ ಯೋಧರ ಚಿತ್ರ, ಕೆಳಗೆ "ಸಾವಿರ ವರ್ಷಗಳ ಹಿಂದೆ ಯುದ್ಧಕ್ಕೆ ಮುಂಚೆ ವೈಕಿಂಗರು ಶತ್ರುಗಳ ಎದೆ ನಡುಗಿಸಲು ಹೀಗೆ ಚಪ್ಪಾಳೆ ಹೊಡೆಯುತ್ತಿದ್ದರು" ಎಂಬ ಬರಹ. ಓದಿದವರಿಗೆ ರೋಮಾಂಚನ. ನನಗೆ ತಲೆನೋವು.

ಸುಮ್ನೆ ಒಂದು ನಿಮಿಷ ಯೋಚಿಸಿ. ಒಂದು ಕೈಯಲ್ಲಿ ಗುರಾಣಿ, ಇನ್ನೊಂದರಲ್ಲಿ ಕೊಡಲಿ. ಚಪ್ಪಾಳೆ ಹೊಡೆಯುವುದು ಯಾವ ಕೈಯಲ್ಲಿ?

ನಡೆದದ್ದು ಇಷ್ಟು. 2016ರಲ್ಲಿ ಫ್ರಾನ್ಸಿನಲ್ಲಿ ಯೂರೋ ಕಪ್. ಆಗ ಐಸ್‌ಲ್ಯಾಂಡ್‌ನ ಜನಸಂಖ್ಯೆ ಮೂರೂಕಾಲು ಲಕ್ಷದ ಆಸುಪಾಸು. ನಮ್ಮ ಬಳ್ಳಾರಿ ನಗರ ಒಂದರಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದಾರೆ. ಆ ಪುಟ್ಟ ದೇಶ ಜೂನ್ 27ರಂದು ನೀಸ್‌ನಲ್ಲಿ ಇಂಗ್ಲೆಂಡನ್ನು 2-1ರಿಂದ ಹೊರಗೆ ಕಳಿಸಿತು. ಗೆದ್ದ ಆಟಗಾರರು ಸಾಲಾಗಿ ನಿಂತು ಎರಡೂ ಕೈ ಮೇಲೆತ್ತಿದರು. ಡ್ರಮ್ ಎರಡು ಸಲ ಬಡಿಯಿತು. ಒಂದು ಚಪ್ಪಾಳೆ, ಜೊತೆಗೆ "ಹೂ!" ಆಮೇಲೆ ಮೌನ. ಮತ್ತೆ ಡ್ರಮ್, ಮತ್ತೆ "ಹೂ!" ಟಿವಿಯಲ್ಲಿ ನೋಡಿದವರಿಗೆ ಮೈ ಜುಮ್ ಎಂದಿತು. ನನಗೂ ಆಯಿತು, ಸುಳ್ಳು ಹೇಳಲ್ಲ. ಪತ್ರಿಕೆಗಳು 'ವೈಕಿಂಗ್ ಚಪ್ಪಾಳೆ' ಎಂದು ಹೆಸರಿಟ್ಟವು. ಹೆಸರು ಬಂದ ಮೇಲೆ ಅದಕ್ಕೆ ತಕ್ಕ ಇತಿಹಾಸ ಹುಟ್ಟಿಕೊಂಡಿತು.

ನಿಜವಾದ ದಾರಿ ಹೀಗಿದೆ. ರಾಜಧಾನಿ ರೇಕ್ಯಾವಿಕ್ ಪಕ್ಕದ ಊರಲ್ಲಿ ಸ್ಟ್ಯಾರ್ನನ್ ಎಂಬ ಕ್ಲಬ್ ಇದೆ. 2014ರ ಜುಲೈನಲ್ಲಿ ಯುರೋಪಾ ಲೀಗ್ ಅರ್ಹತಾ ಪಂದ್ಯಕ್ಕೆ ಅವರು ಸ್ಕಾಟ್ಲೆಂಡಿನ ಮದರ್‌ವೆಲ್‌ಗೆ ಹೋದರು. ಅಲ್ಲಿಯ ಅಭಿಮಾನಿಗಳು ಈ ಚಪ್ಪಾಳೆ ಹೊಡೆಯುತ್ತಿದ್ದರು. ಸ್ಟ್ಯಾರ್ನನ್ ಬೆಂಬಲಿಗರಿಗೆ ಹಿಡಿಸಿತು, ಮನೆಗೆ ತಂದರು. ಎರಡು ಪಂದ್ಯ ಸೇರಿಸಿ ಗೆದ್ದದ್ದೂ ಅವರೇ. ಅಂದರೆ ಮದರ್‌ವೆಲ್‌ನವರು ಮ್ಯಾಚನ್ನೂ ಕಳೆದುಕೊಂಡರು, ಚಪ್ಪಾಳೆಯನ್ನೂ ಕಳೆದುಕೊಂಡರು! ಸ್ಟ್ಯಾರ್ನನ್‌ನಿಂದ ಅದು ದೇಶದ ತಂಡದ ಬೆಂಬಲಿಗರ ಬಳಗಕ್ಕೆ ಬಂತು, ಅಲ್ಲಿಂದ ಫ್ರಾನ್ಸಿಗೆ. ಫ್ರಾನ್ಸಿನ ಲಾಂಸ್ ಕ್ಲಬ್‌ನ ಅಭಿಮಾನಿಗಳು "ಮದರ್‌ವೆಲ್‌ಗಿಂತ ಮೊದಲೇ ನಾವು ಮಾಡುತ್ತಿದ್ದೆವು" ಎನ್ನುತ್ತಾರೆ. ಆ ಜಗಳ ಅವರೇ ಬಗೆಹರಿಸಿಕೊಳ್ಳಲಿ. ಯಾರ ಮಾತು ನಿಜವಾದರೂ ವೈಕಿಂಗರು ಎಲ್ಲೂ ಬರುವುದಿಲ್ಲ. ಸಾವಿರ ವರ್ಷ ಅಂದಿರಲ್ಲ, 2014ರಿಂದ 2016ಕ್ಕೆ ಎರಡೇ ವರ್ಷ.

"ಆದರೂ ಸರ್, ಅವರ ರಕ್ತದಲ್ಲೇ ಇದೆಯಲ್ಲ" ಎಂದು ಒಬ್ಬರು ವಾದ ಮಾಡಿದರು. ರಕ್ತದಲ್ಲಿ ಹಿಮೋಗ್ಲೋಬಿನ್ ಇರುತ್ತದೆ, ತಾಳ ಇರುವುದಿಲ್ಲ.

ಇನ್ನು ಆ ಫಾರ್ವರ್ಡ್‌ನಲ್ಲಿ ಕಾಣುವ ಕೊಂಬು. ಅದೂ ಸುಳ್ಳೇ. 1876ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ ವಾಗ್ನರ್ ಎಂಬ ಸಂಗೀತಗಾರ ಉತ್ತರ ಯುರೋಪಿನ ಪುರಾಣಕಥೆಗಳನ್ನು ಇಟ್ಟುಕೊಂಡು ಕಟ್ಟಿದ ಗೀತನಾಟಕಕ್ಕೆ ಕಾರ್ಲ್ ಎಮಿಲ್ ಡೋಪ್ಲರ್ ಎಂಬಾತ ವೇಷಭೂಷಣ ಮಾಡಿದ. ಪಾತ್ರಗಳ ಶಿರಸ್ತ್ರಾಣಕ್ಕೆ ಕೊಂಬು ಸಿಕ್ಕಿಸಿದ. ಅಲ್ಲಿಂದ ಅದು ಜನರ ತಲೆಯಲ್ಲಿ ಕೂತುಬಿಟ್ಟಿತು. ನಾರ್ವೆಯ ಯೆರ್ಮುಂಡ್‌ಬು ಎಂಬಲ್ಲಿ 1943ರಲ್ಲಿ ನಿಜವಾದ ವೈಕಿಂಗ್ ಕಾಲದ ಶಿರಸ್ತ್ರಾಣ ಸಿಕ್ಕಿತು. ದುಂಡಗಿದೆ, ಕಣ್ಣಿನ ಸುತ್ತ ಕನ್ನಡಕದ ಹಾಗೆ ಪಟ್ಟಿ ಇದೆ. ಕೊಂಬಿಲ್ಲ. ಅಂದರೆ ಆ ಫಾರ್ವರ್ಡ್‌ನಲ್ಲಿ ಚಿತ್ರವೂ ತಪ್ಪು, ಬರಹವೂ ತಪ್ಪು. ಇಷ್ಟಾದ ಮೇಲೂ ಕಳಿಸುವವರು ಕಳಿಸುತ್ತಲೇ ಇರುತ್ತಾರೆ, ಅಲ್ವಾ?

ಪ್ರಶ್ನೆಗೆ ಉತ್ತರ ಇಲ್ಲಿಗೆ ಮುಗಿಯಿತು. ಆದರೆ ಯಾರೂ ಕೇಳದ ಒಂದು ಪ್ರಶ್ನೆ ಇದಕ್ಕಿಂತ ಚೆನ್ನಾಗಿದೆ. ಅಷ್ಟು ಸಾವಿರ ಜನ ಒಂದೇ ತಾಳಕ್ಕೆ ಚಪ್ಪಾಳೆ ಹೊಡೆಯುವುದು ಹೇಗೆ?

ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ಫುಟ್‌ಬಾಲ್ ಮೈದಾನದ ಉದ್ದ 105 ಮೀಟರ್. ಎರಡೂ ಗೋಲಿನ ಹಿಂದಿನ ಗ್ಯಾಲರಿ ಸೇರಿಸಿದರೆ ಈ ತುದಿಯಿಂದ ಆ ತುದಿಗೆ 170 ಮೀಟರ್ ಎಂದಿಟ್ಟುಕೊಳ್ಳಿ. ಈ ಕಡೆಯವರ ಚಪ್ಪಾಳೆ ಆ ಕಡೆಯವರ ಕಿವಿಗೆ ಬೀಳುವಾಗ ಅರ್ಧ ಸೆಕೆಂಡ್ ಆಗಿರುತ್ತದೆ. ಸೆಕೆಂಡಿಗೆ ಎರಡು ಚಪ್ಪಾಳೆಯ ಗತಿಯಲ್ಲಿ ಹೋದರೆ ಆ ಕಡೆಯವರು ಒಂದು ಪೂರ್ತಿ ಚಪ್ಪಾಳೆ ಹಿಂದೆ. ಟಿವಿಯಲ್ಲಿ ಎರಡು ಗ್ಯಾಲರಿಗಳ ಹಾಡು ಒಂದಕ್ಕೊಂದು ಸೇರದೆ ಕಲಸಿಹೋಗುವುದು ಇದಕ್ಕೇ. ಕೆಲವು ಗ್ಯಾಲರಿಗಳು ತಮ್ಮ ಪಾಡಿಗೆ ಬೇರೆ ಹಾಡು ಹಾಡಿಕೊಳ್ಳುವುದೂ ಇದಕ್ಕೇ ಇರಬಹುದು.

ಈಗ ಆ "ಹೂ" ಚಪ್ಪಾಳೆಯ ಜಾಣತನ ನೋಡಿ. ಶುರುವಿನಲ್ಲಿ ಎರಡು ಚಪ್ಪಾಳೆಯ ನಡುವೆ ಹಲವು ಸೆಕೆಂಡ್ ಬಿಡುವು. ಅರ್ಧ ಸೆಕೆಂಡಿನ ತಡ ಆ ಮೌನದಲ್ಲಿ ಮುಳುಗಿಹೋಗುತ್ತದೆ. ಜೊತೆಗೆ ಎಲ್ಲರೂ ಕೈ ಮೇಲೆತ್ತಿರುತ್ತಾರೆ, ಎದುರಿನವರ ಕೈ ಕಣ್ಣಿಗೆ ಕಾಣುತ್ತದೆ. ಬೆಳಕಿಗೆ ತಡ ಇಲ್ಲವಲ್ಲ. ಆಮೇಲೆ ಗತಿ ಏರುತ್ತದೆ, ತಾಳ ಕೆಡುವ ಹೊತ್ತಿಗೆ ಅದೇ ಸಾದಾ ಚಪ್ಪಾಳೆಯಾಗಿ ಮುಗಿದಿರುತ್ತದೆ. ಕೆಟ್ಟದ್ದು ಯಾರಿಗೂ ಗೊತ್ತಾಗುವುದಿಲ್ಲ.

ದೊಡ್ಡ ಜನಸ್ತೋಮದಲ್ಲಿ ಮೌನದ ಬೆಲೆ ನಮ್ಮ ಕಡೆಯವರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಮೈಲಾರದ ಕಾರ್ಣಿಕಕ್ಕೆ ಹೋದವರು ನೆನಪಿಸಿಕೊಳ್ಳಿ. (ಮೈಲಾರ ಈಗ ವಿಜಯನಗರ ಜಿಲ್ಲೆ, ಮೊನ್ನೆ ಮೊನ್ನೆಯವರೆಗೆ ನಮ್ಮದೇ.) ಡೆಂಕನ ಮರಡಿಯಲ್ಲಿ ಕಣ್ಣು ಹಾಯಿಸಿದಷ್ಟೂ ಜನ, "ಏಳು ಕೋಟಿ ಏಳು ಕೋಟಿಗೋ" ಎಂಬ ಕೂಗು, ಡಮರುಗ, ಗದ್ದಲ. ಗೊರವಯ್ಯ ಬಿಲ್ಲೇರಿ "ಸದ್ದಲೇ" ಎನ್ನುತ್ತಾರೆ. ಇಡೀ ಮರಡಿ ಗಪ್‌ಚುಪ್. ಆಮೇಲೆ ಬರುವ ಒಂದು ಸಾಲಿನ ಭವಿಷ್ಯವಾಣಿಗೆ ಅಷ್ಟು ತೂಕ ಬರುವುದು ಆ ಮೌನದಿಂದ. ಹುಲಿಗಿಯಲ್ಲಿ ಒಬ್ಬರು ಅಮ್ಮನ ಹೆಸರೆತ್ತಿದರೆ ಉಳಿದವರೆಲ್ಲ "ಉಧೋ ಉಧೋ" ಎನ್ನುವುದೂ ಜನಸ್ತೋಮಕ್ಕೆ ಹೇಳಿ ಮಾಡಿಸಿದ್ದು. ಎರಡೇ ಎರಡು ಮಾತು, ಎಲ್ಲರಿಗೂ ಬರುತ್ತದೆ, ಯಾರಿಗೂ ಕಲಿಸಬೇಕಿಲ್ಲ.

ದಯವಿಟ್ಟು ಇದನ್ನು ಓದಿ "ವೈಕಿಂಗ್ ಚಪ್ಪಾಳೆ ಮೂಲತಃ ಮೈಲಾರದ್ದು" ಎಂದು ಹೊಸ ಫಾರ್ವರ್ಡ್ ಹರಿಬಿಡಬೇಡಿ. ಕೈ ಮುಗಿದು ಕೇಳುತ್ತೇನೆ. ಎರಡಕ್ಕೂ ಸಂಬಂಧವಿಲ್ಲ. ಸಾವಿರಾರು ಜನ ಒಟ್ಟಿಗೆ ಕೂಗಬೇಕೆಂದರೆ ಯಾವ ದೇಶದಲ್ಲಾದರೂ ಇಂಥ ಕೆಲವೇ ಉಪಾಯ ನಡೆಯುತ್ತವೆ, ಅಷ್ಟೇ.

ಕೌಲ್‌ಬಜಾರ್‌ನ ಪತ್ರದ ಕೊನೆಯಲ್ಲಿ ಇನ್ನೊಂದು ಸಾಲಿತ್ತು. ಹುಡುಗರು ತಮ್ಮ ತಂಡಕ್ಕೆ ಕನ್ನಡದಲ್ಲೇ ಒಂದು ಕೂಗು ಕಟ್ಟಬೇಕಂತೆ. ತೋರಣಗಲ್ಲಿನ ಹತ್ತಿರ ಬೆಂಗಳೂರು ಎಫ್‌ಸಿಯ ಅಕಾಡೆಮಿ ಬಂದ ಮೇಲೆ ನಮ್ಮ ಕಡೆ ಈ ಹುಚ್ಚು ಸ್ವಲ್ಪ ಜಾಸ್ತಿಯೇ ಆಗಿದೆ, ಆಗಲಿ. ಕಟ್ಟಿ. ಹೊಸ ಧಾಟಿ ಹುಡುಕುತ್ತಾ ಕೂರಬೇಡಿ. ಓಣಿಯ ಅಜ್ಜಿಗೂ ಗೊತ್ತಿರುವ ಧಾಟಿ ತೆಗೆದುಕೊಳ್ಳಿ. ಮಾತು ನಾಲ್ಕಕ್ಕಿಂತ ಹೆಚ್ಚು ಬೇಡ. ನಡುವೆ ಬಿಡುವು ಇರಲಿ. ಡೊಳ್ಳು ಒಂದೇ ಸಾಕು, ಅದೂ ಮಧ್ಯದಲ್ಲಿ. ಜೋರಾಗಿ ಕೇಳಲಿ ಎಂದು ಆ ತುದಿಗೊಂದು ಈ ತುದಿಗೊಂದು ಡೊಳ್ಳು ಇಟ್ಟರೆ ಆ ಅರ್ಧ ಸೆಕೆಂಡ್ ನಿಮ್ಮ ತಾಳವನ್ನು ಮೊದಲ ನಿಮಿಷದಲ್ಲೇ ಕೆಡಿಸುತ್ತದೆ.