ಸುಳ್ಳು ಮನುಷ್ಯರ ದಿಬ್ಬದಲ್ಲಿ

ಸ್ಕಾಟ್ಲೆಂಡಿನ ಉಲ್ಲಾಪೂಲ್ ಬಂದರಿನಲ್ಲಿ ಹಡಗು ಹತ್ತಿದರೆ ಲೂಯಿಸ್ ದ್ವೀಪದ ಸ್ಟಾರ್ನೊವೇ ಮುಟ್ಟಲು ಎರಡೂವರೆ ತಾಸಿಗೂ ಮೇಲೆ ಬೇಕು. ಅಲ್ಲಿಂದ ಪಡುವಣಕ್ಕೆ ಹೊರಟ ರಸ್ತೆಯ ಪಕ್ಕದಲ್ಲಿ ಮರ ಕಾಣುವುದೇ ಅಪರೂಪ. ಕಣ್ಣು ಹಾಯುವಷ್ಟು ದೂರ ಕಂದು ಜೌಗುನೆಲ, ನಡುನಡುವೆ ಕಪ್ಪು ನೀರಿನ ಹೊಂಡ. ಈ ಬೋಳು ಬಯಲು ಕಳೆದು ಕಡಲಿನ ಚಾಚು ಕಾಣುವ ಹೊತ್ತಿಗೆ, ದಿಬ್ಬದ ಮೇಲೆ ಯಾರೋ ಗುಂಪಾಗಿ ನಿಂತು ಕಾಯುತ್ತಿರುವಂತೆ ತೋರುತ್ತದೆ. ಹತ್ತಿರ ಹೋದರೆ ಅವು ಕಲ್ಲುಗಳು. ಅಲ್ಲಿಯ ಗೇಲಿಕ್ ಭಾಷೆಯಲ್ಲಿ ಅವಕ್ಕಿರುವ ಒಂದು ಹೆಸರಿನ ಅರ್ಥ ‘ಸುಳ್ಳು ಮನುಷ್ಯರು’. ಮಂಜು ಕವಿದ ದಿನ ನೋಡಿದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಾಗಿಲ್ಲ.

ಊರಿನ ಹೆಸರು ಕ್ಯಾಲನಿಶ್. ಉತ್ತರದ ತುದಿಯಿಂದ ನಡೆಯಲು ತೊಡಗುವುದು ಒಳ್ಳೆಯದು. ಎಡಬಲಕ್ಕೆ ಕಲ್ಲುಗಳ ಸಾಲು, ನಡುವೆ ಸುಮಾರು 83 ಮೀಟರ್ ಉದ್ದದ ದಾರಿ. ಈಗ ಉಳಿದಿರುವ ಕಲ್ಲು ಹತ್ತೊಂಬತ್ತು. ದಾರಿ ಮುಂದಕ್ಕೆ ಹೋದಂತೆ ತುಸು ಕಿರಿದಾಗಿ, 13 ಕಲ್ಲುಗಳ ವೃತ್ತದೊಳಗೆ ನಮ್ಮನ್ನು ತಂದು ನಿಲ್ಲಿಸುತ್ತದೆ. ವೃತ್ತದ ಒಳಗೆ ಒಂಟಿಯಾಗಿ ನಿಂತಿರುವ ಕಲ್ಲಿನ ಎತ್ತರ 4.8 ಮೀಟರ್, ತೂಕ 5 ಟನ್ನಿಗೂ ಹೆಚ್ಚು. ಅಲ್ಲಿಂದ ಪೂರ್ವಕ್ಕೆ, ಪಶ್ಚಿಮಕ್ಕೆ, ದಕ್ಷಿಣಕ್ಕೆ ಇನ್ನೂ ಮೂರು ಸಾಲುಗಳು ಹೊರಡುತ್ತವೆ. ಮೇಲಿನಿಂದ ನೋಡಿದರೆ ಇಡೀ ರಚನೆ ಶಿಲುಬೆಯಂತೆ ಕಾಣುತ್ತದೆ. ಆದರೆ ಇದು ಎದ್ದದ್ದು ಕ್ರಿಸ್ತನಿಗಿಂತ ಸುಮಾರು ಎರಡೂಮುಕ್ಕಾಲು ಸಾವಿರ ವರ್ಷ ಮೊದಲು.

ಅಷ್ಟು ಹಳೆಯದು ಎಂದು ತಿಳಿದದ್ದು ಹೇಗೆ? ಕಲ್ಲನ್ನು ಕೇಳಿದರೆ ಅದು ಬೇರೆಯದೇ ವಯಸ್ಸು ಹೇಳುತ್ತದೆ. ಕೈಯಿಟ್ಟು ಸವರಿ ನೋಡಿ: ಬೂದು ಮೈ, ಅದರಲ್ಲಿ ಬಿಳಿ-ಕಪ್ಪು ಪಟ್ಟೆಗಳು ಮಡಚಿ, ತಿರುಚಿ, ಮರದ ಗೆರೆಗಳಂತೆ ಹರಿದಿವೆ. ಅಲ್ಲಲ್ಲಿ ಹಾರ್ನ್‌ಬ್ಲೆಂಡ್ ಎಂಬ ಖನಿಜದ ಕಪ್ಪು ಗಂಟುಗಳು. ಭೂಮಿಯ ಆಳದಲ್ಲಿ ಬೆಂದು, ಒತ್ತಡಕ್ಕೆ ಹಿಟ್ಟಿನಂತೆ ನಾದಿಸಿಕೊಂಡು ಹುಟ್ಟಿದ ನೈಸ್ ಶಿಲೆ ಇದು. ಲೂಯಿಸ್ ದ್ವೀಪದ ಹೆಸರಿನಿಂದಲೇ ಭೂವಿಜ್ಞಾನಿಗಳು ಇದನ್ನು ಲೂಯಿಸಿಯನ್ ನೈಸ್ ಎನ್ನುತ್ತಾರೆ. ಇದರ ಅತಿ ಹಳೆಯ ಭಾಗಗಳಿಗೆ ಸುಮಾರು 300 ಕೋಟಿ ವರ್ಷ. ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ಮೇಲೆ ಕೂತು ಗಾಳಿ ಸೇವಿಸಿದವರಿಗೆ ಈ ಪಟ್ಟೆಗಳು ಹೊಸದೆನಿಸವು. ಅದೂ ನೈಸ್ ಶಿಲೆಯೇ, ವಯಸ್ಸೂ ಹೆಚ್ಚುಕಡಿಮೆ ಅಷ್ಟೇ.

ಕಲ್ಲಿನ ವಯಸ್ಸು ಬೇರೆ, ಕಲ್ಲು ಎದ್ದುನಿಂತ ಕಾಲ ಬೇರೆ. ಎರಡನೆಯದನ್ನು ಹೇಳಬಲ್ಲದ್ದು ಬುಡದ ಮಣ್ಣು ಮಾತ್ರ. 1980 ಮತ್ತು 81ರಲ್ಲಿ ಪ್ಯಾಟ್ರಿಕ್ ಆಶ್‌ಮೋರ್ ಅವರ ತಂಡ ಇಲ್ಲಿ ಉತ್ಖನನ ನಡೆಸಿತು. ಒಂದು ಕಾಲಕ್ಕೆ ಜೀವವಿದ್ದ ಯಾವುದೇ ವಸ್ತುವಿನಲ್ಲಿ ವಿಕಿರಣ ಸೂಸುವ ಇಂಗಾಲ ಇರುತ್ತದೆ. ಸತ್ತ ಮೇಲೆ ಅದು ಸುಮಾರು 5,730 ವರ್ಷಕ್ಕೆ ಅರ್ಧದಷ್ಟಾಗುತ್ತದೆ. ಉಳಿದಿರುವುದನ್ನು ಅಳೆದು ಲೆಕ್ಕ ಹಾಕಿದಾಗ ಕಲ್ಲುಗಳನ್ನು ನಿಲ್ಲಿಸಿದ್ದು ಕ್ರಿ.ಪೂ. 2900ರಿಂದ 2600ರ ಆಸುಪಾಸು ಎಂದು ತಿಳಿಯಿತು. ಇಂಗ್ಲೆಂಡಿನ ಸ್ಟೋನ್‌ಹೆಂಜ್‌ನ ದೊಡ್ಡ ಕಲ್ಲುಗಳು ಎದ್ದದ್ದು ಇದಾದ ಮೇಲೆ.

ಇಲ್ಲಿಯ ಮಣ್ಣಿನಲ್ಲಿ ನನಗೆ ಎಲ್ಲಕ್ಕಿಂತ ಬೆರಗು ಹುಟ್ಟಿಸುವುದು ಪೀಟ್. ಸದಾ ನೀರು ನಿಂತ, ಹುಳಿಯಾದ ನೆಲದಲ್ಲಿ ಪಾಚಿ, ಹುಲ್ಲು ಸತ್ತರೂ ಪೂರ್ತಿ ಕೊಳೆಯುವುದಿಲ್ಲ. ಕೊಳೆಸುವ ಜೀವಿಗಳಿಗೆ ಅಲ್ಲಿ ಆಮ್ಲಜನಕ ಸಿಗುವುದಿಲ್ಲ. ಹಾಗಾಗಿ ಒಂದರ ಮೇಲೊಂದು ಪದರ ಕೂಡುತ್ತ ಹೋಗುತ್ತದೆ. ದ್ವೀಪದ ಜನ ಅದನ್ನು ಇಟ್ಟಿಗೆಯಂತೆ ಕೊಯ್ದು, ಒಣಗಿಸಿ, ಒಲೆಗೆ ಹಾಕುತ್ತ ಬಂದಿದ್ದಾರೆ. ಕ್ಯಾಲನಿಶ್‌ನ ಜಾಗ ಬಳಕೆ ತಪ್ಪಿ, ಹವೆ ಇನ್ನಷ್ಟು ತೇವವಾದಂತೆ ಈ ಪೀಟ್ ಕಲ್ಲುಗಳ ಬುಡವನ್ನು ನುಂಗತೊಡಗಿತು. 1857ರಲ್ಲಿ ದ್ವೀಪದ ಒಡೆಯ ಜೇಮ್ಸ್ ಮ್ಯಾಥೆಸನ್ ಅದನ್ನು ತೆಗೆಸಿದಾಗ ಅದರ ದಪ್ಪ ಸುಮಾರು ಒಂದೂವರೆ ಮೀಟರ್ ಇತ್ತು. ಅಂದರೆ 1850ರಲ್ಲಿ ಇಲ್ಲಿಗೆ ಬಂದವರ ಪಾದ ಇದ್ದದ್ದು ಇಂದು ನಮ್ಮ ಭುಜವಿರುವ ಮಟ್ಟದಲ್ಲಿ. ಪೀಟ್ ಹೋದ ಮೇಲೆ ವೃತ್ತದೊಳಗೆ ಒಂದು ಪುಟ್ಟ ಗೋರಿಕೋಣೆಯೂ ಬೆಳಕಿಗೆ ಬಂತು. ಕಲ್ಲುಗಳು ನಿಂತ ಎಷ್ಟೋ ಕಾಲದ ಮೇಲೆ ಕಟ್ಟಿದ್ದು ಅದು. ಅದನ್ನೂ ಕಂಚಿನ ಯುಗದ ಬೇಸಾಯಗಾರರು ಬರಿದು ಮಾಡಿದ್ದರು.

ಇಷ್ಟು ಕಷ್ಟಪಟ್ಟು ಏಕೆ ನಿಲ್ಲಿಸಿದರು? 1930ರ ದಶಕದಲ್ಲಿ ದೋಣಿಯಲ್ಲಿ ಇಲ್ಲಿಗೆ ಬಂದ ಎಂಜಿನಿಯರ್ ಅಲೆಕ್ಸಾಂಡರ್ ಥಾಮ್ ಈ ಪ್ರಶ್ನೆಯ ಬೆನ್ನು ಹತ್ತಿ, ಬಾಳಿನುದ್ದಕ್ಕೂ ಇಂಥ ಕಲ್ಲುಗಳನ್ನು ಅಳೆದರು. ಕಲ್ಲಿನ ಸಾಲು ಚಂದ್ರನತ್ತ ಮುಖ ಮಾಡಿದೆ ಎಂದು ಅವರು ಆಕಾಶದತ್ತ ಬೊಟ್ಟು ಮಾಡಿದರು. ಚಂದ್ರನ ದಾರಿ ಭೂಮಿಯ ಕಕ್ಷೆಗೆ ಸುಮಾರು 5 ಡಿಗ್ರಿ ಓರೆ. ಆ ಓರೆಯ ದಿಕ್ಕು 18.6 ವರ್ಷಕ್ಕೊಂದು ಸುತ್ತು ತಿರುಗುತ್ತದೆ. ಅದು ಭೂಮಿಯ ಅಕ್ಷದ 23.4 ಡಿಗ್ರಿ ಓರೆಯೊಂದಿಗೆ ಕೂಡಿಕೊಂಡ ವರ್ಷಗಳಲ್ಲಿ ಚಂದ್ರ ತಿಂಗಳಿಗೊಮ್ಮೆ ದಕ್ಷಿಣಕ್ಕೆ ತೀರಾ ದೂರ ಸರಿಯುತ್ತಾನೆ. ಅಂಥ ರಾತ್ರಿ ಬೆಂಗಳೂರಿನಲ್ಲಿ ಅವನು ದಕ್ಷಿಣದ ಬಾನಿನಲ್ಲಿ 48 ಡಿಗ್ರಿ ಎತ್ತರಕ್ಕೆ ಏರುತ್ತಾನೆ, ಯಾರ ಕಣ್ಣಿಗೂ ವಿಶೇಷವೆನಿಸದು. 58 ಡಿಗ್ರಿ ಉತ್ತರದ ಕ್ಯಾಲನಿಶ್‌ನಲ್ಲಾದರೋ ಅವನ ಅತಿ ಹೆಚ್ಚಿನ ಎತ್ತರ ಎರಡು-ಮೂರು ಡಿಗ್ರಿ. ಕೈ ಚಾಚಿ ಹಿಡಿದರೆ ಎರಡು ಬೆರಳಿನ ಅಗಲ. ಮಲಗಿದ ಹೆಂಗಸಿನಂತೆ ಕಾಣುವ, ಜನ ‘ಜೌಗಿನ ಮುದುಕಿ’ ಎಂದು ಕರೆಯುವ ಬೆಟ್ಟಸಾಲಿನ ಮೇಲೆ ಚಂದ್ರ ನೆಲ ಸವರಿದಂತೆ ಸಾಗಿ ಇಳಿದುಬಿಡುತ್ತಾನೆ.

ಕಲ್ಲು ನೆಟ್ಟವರ ಮನಸ್ಸಿನಲ್ಲಿ ಇದೇ ಇತ್ತು ಎನ್ನಲು ಪುರಾವೆ ಸಾಲದು. ಇಷ್ಟೊಂದು ಕಲ್ಲುಗಳಿದ್ದಾಗ ಯಾವುದೋ ಒಂದು ಸಾಲು ಯಾವುದೋ ಒಂದು ಜ್ಯೋತಿಯತ್ತ ಮುಖ ಮಾಡಿಯೇ ಇರುತ್ತದೆ. ಆದರೂ ದೀಪವಿಲ್ಲದ ಈ ದ್ವೀಪದಲ್ಲಿ ತಲೆತಲಾಂತರ ಬದುಕಿದವರು ಆ ಚಂದ್ರನನ್ನು ಗಮನಿಸದೇ ಇದ್ದರೆಂದು ನಂಬಲು ನನ್ನಿಂದಾಗದು. ಮಗುವಾಗಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದವರು, ಚಂದ್ರ ಮತ್ತೆ ಅಷ್ಟು ಕೆಳಗಿಳಿಯುವ ಹೊತ್ತಿಗೆ ತಮ್ಮ ಮಗುವನ್ನು ಹೆಗಲಿಗೇರಿಸಿಕೊಂಡಿರುತ್ತಿದ್ದರು. ಈಚೆಗೆ ಹಾಗೆ ಇಳಿದದ್ದು 2024-25ರಲ್ಲಿ. ಮತ್ತೆ ಇಳಿಯುವುದು 2043ರ ಹೊತ್ತಿಗೆ.