ಬೆಟ್ಟದೊಳಗಿನ ಡ್ವಾರ್ಫ್‌ಗಳು ಊಟಕ್ಕೇನು ಮಾಡುತ್ತಿದ್ದರು?

ಓದುಗರ ಪ್ರಶ್ನೆ: ಇಂಗ್ಲಿಷ್ ಲೇಖಕ ಟೋಲ್ಕಿನ್ ಕಥೆಗಳಲ್ಲಿ ಡ್ವಾರ್ಫ್‌ಗಳು ಎಂಬ ಕುಳ್ಳ ಜನ ಬೆಟ್ಟ ಕೊರೆದು ಅದರೊಳಗೇ ಊರು ಕಟ್ಟಿಕೊಳ್ಳುತ್ತಾರೆ. ಅಲ್ಲಿ ಬಿಸಿಲೂ ಇಲ್ಲ, ಹೊಲವೂ ಇಲ್ಲ. ಅಷ್ಟು ಜನರ ಹೊಟ್ಟೆ ತುಂಬುತ್ತಿದ್ದುದು ಹೇಗೆ?

ನೆರೆಯವರಿಂದ. ಇದು ಸುಮ್ನೆ ಊಹೆಯಲ್ಲ. 1937ರ ‘ದಿ ಹಾಬಿಟ್’ನ ಮೊದಲ ಅಧ್ಯಾಯದಲ್ಲಿ ಡ್ವಾರ್ಫ್‌ಗಳ ನಾಯಕ ಥೋರಿನ್ ತಾನೇ ಹೇಳುತ್ತಾನೆ. ಎರೆಬೋರ್ ಬೆಟ್ಟದ ಕೆಳಗಿನ ಕಣಿವೆಯಲ್ಲಿ ಡೇಲ್ ಎಂಬ ಮನುಷ್ಯರ ಊರಿತ್ತು. ಆ ಕಡೆಯ ಅಪ್ಪಂದಿರು ನಮ್ಮ ಮಗನಿಗೂ ಕೆಲಸ ಕಲಿಸಿ ಎಂದು ಡ್ವಾರ್ಫ್‌ಗಳ ಬಳಿ ಗೋಗರೆಯುತ್ತಿದ್ದರು. ಅದಕ್ಕೆ ಕೈತುಂಬ ಕೊಡುತ್ತಿದ್ದರು, ಅದರಲ್ಲೂ ಆಹಾರದ ಸಾಮಾನು ಜಾಸ್ತಿ. ಬೆಳೆಯುವ ಗೋಜಿಗೇ ನಾವು ಹೋಗಲಿಲ್ಲ ಅನ್ನುತ್ತಾನೆ ಥೋರಿನ್.

ಈ ಏರ್ಪಾಡು ಡೇಲ್‌ಗಿಂತ ಬಹಳ ಹಳೆಯದು. ಮಗ ಕ್ರಿಸ್ಟೋಫರ್ 1996ರಲ್ಲಿ ಹೊರತಂದ ಟೋಲ್ಕಿನ್ ಬರಹಗಳಲ್ಲಿ ಅದರ ವಿವರ ಇದೆ. ಉತ್ತರದ ಮನುಷ್ಯರು ದನ, ಕುರಿ ಸಾಕಿ, ನೆಲ ಉತ್ತು ಆಹಾರ ಕೊಡುತ್ತಿದ್ದರು. ಡ್ವಾರ್ಫ್‌ಗಳು ಬದಲಿಗೆ ಕಟ್ಟಡ ಕಟ್ಟಿ, ರಸ್ತೆ ಹಾಕಿ, ಗಣಿ ತೋಡಿ, ಬೇಕಾದ ಸಾಮಾನು ಮಾಡಿಕೊಡುತ್ತಿದ್ದರು. ಒಬ್ಬರಿಗೆ ಬಾರದ್ದು ಇನ್ನೊಬ್ಬರಿಗೆ ಬರುತ್ತಿತ್ತು, ಹಾಗಾಗಿ ಇಬ್ಬರಿಗೂ ಲಾಭ.

ನೆರೆಯವರ ಜೊತೆ ಮುರಿದುಕೊಂಡರೆ? ನನಗೆ ಇಡೀ ಕಥೆಯಲ್ಲಿ ತುಂಬ ಹಿಡಿಸುವ ಭಾಗ ಇದೇ. ಎರೆಬೋರನ್ನು ಕಿತ್ತುಕೊಂಡಿದ್ದ ಡ್ರ್ಯಾಗನ್ ಸ್ಮಾಗ್ ಸತ್ತ ಮೇಲೆ ಬೆಟ್ಟದ ಚಿನ್ನವೆಲ್ಲ ಥೋರಿನ್ ಕೈಸೇರುತ್ತದೆ. ಪಾಲು ಕೇಳಲು ಬಂದ ನೆರೆಯವರಿಗೆ ಅವನು ಕೊಡುವುದಿಲ್ಲ, ಬಾಗಿಲಿಗೆ ಗೋಡೆ ಕಟ್ಟಿ ಕೂರುತ್ತಾನೆ. ಒಳಗೆ ಉಳಿದಿದ್ದು ಹೆಚ್ಚಾಗಿ ಕ್ರ್ಯಾಮ್. ಬಿಸ್ಕತ್ತಿನಂಥದ್ದು, ಎಷ್ಟು ದಿನ ಇಟ್ಟರೂ ಕೆಡುವುದಿಲ್ಲ. ಆದರೆ ರುಚಿಯಿಲ್ಲ, ಅಗಿದು ಅಗಿದು ದವಡೆ ನೋಯಬೇಕು. ಅದನ್ನು ಮಾಡುತ್ತಿದ್ದವರೂ ಹತ್ತಿರದ ಸರೋವರದ ಊರಿನ ಮನುಷ್ಯರೇ! ಸುತ್ತಲಿನವರ ಸ್ನೇಹವಿಲ್ಲದೆ ಈ ಚಳಿಗಾಲದಲ್ಲಿ ಊಟಕ್ಕೇನು ಮಾಡುತ್ತೀಯ ಎಂದು ರೋಆಕ್ ಎಂಬ ಮುದಿ ರೇವನ್ (ಕಾಗೆ ಜಾತಿಯ ದೊಡ್ಡ ಹಕ್ಕಿ) ಎಚ್ಚರಿಸಿತು. ಥೋರಿನ್ ಕಿವಿಗೆ ಹಾಕಿಕೊಳ್ಳಲಿಲ್ಲ.

ಅವನ ನಂತರ ರಾಜನಾದ ದಾಯಿನ್ ಹಾಗೆ ಮಾಡಲಿಲ್ಲ. ಚಿನ್ನ, ಬೆಳ್ಳಿಯ ಹದಿನಾಲ್ಕನೇ ಒಂದು ಪಾಲನ್ನು ಡೇಲ್‌ನ ಒಡೆಯರ ವಂಶದ ಬಾರ್ಡ್‌ಗೆ ಕೊಟ್ಟ. ಸ್ಮಾಗ್ ಹಾಳುಗೆಡವಿದ್ದ ಡೇಲ್ ಮತ್ತೆ ಎದ್ದು ನಿಂತಿತು, ಕಣಿವೆಯಲ್ಲಿ ಮತ್ತೆ ಉಳುಮೆ ಶುರುವಾಯಿತು. ಮುಂದೆ ಬಾರ್ಡ್‌ನ ಮೊಮ್ಮಗ ಬ್ರ್ಯಾಂಡ್‌ನ ಕಾಲದಲ್ಲಿ ಶತ್ರುಗಳು ಮುತ್ತಿದಾಗ ಡೇಲ್ ಜನಕ್ಕೂ ಎರೆಬೋರ್ ಬೆಟ್ಟವೇ ಆಸರೆಯಾಯಿತು.